ಬೆರಳು ಎತ್ತಿದರೆ ಗಟ್ಟಿಮೇಳ

ತ್ಯಾಂಪಣ್ಣನ ವಾದ್ಯದ ಸೆಟ್ಟಿನಲ್ಲಿ ನಿಯಮ ಒಂದೇ. ಪುರೋಹಿತರ ಬೆರಳು ಮೇಲೆದ್ದರೆ ಗಟ್ಟಿಮೇಳ. ಡೋಲು, ತಾಳ, ಸ್ಯಾಕ್ಸೋಫೋನ್ ಮೂರೂ ಒಟ್ಟಿಗೆ, ಇರುವ ಬಲವನ್ನೆಲ್ಲ ಹಾಕಿ ಮೊಳಗಬೇಕು. ತಾಳಿ ಕಟ್ಟುವ ಗಳಿಗೆಯಲ್ಲಿ ಯಾರದೋ ಸೀನು, ಯಾರದೋ ಅಳು, ಯಾರದೋ ಕೊಂಕು ಮಾತು ಮದುಮಕ್ಕಳ ಕಿವಿಗೆ ಬೀಳಬಾರದೆಂದು ಹಿರಿಯರು ಮಾಡಿದ ವ್ಯವಸ್ಥೆ ಅದು. ದೊಡ್ಡ ಶಬ್ದದ ಅಡಿಯಲ್ಲಿ ಸಣ್ಣ ಶಬ್ದ ಮುಚ್ಚಿಹೋಗುತ್ತದೆ ಎಂಬುದು ಭೌತಶಾಸ್ತ್ರದ ಪ್ರಕಾರವೂ ಸರಿಯೇ.

ಸ್ಯಾಕ್ಸೋಫೋನ್ ಊದುವ ಹರಿಪ್ರಸಾದ್ ಈ ನಿಯಮ ತಪ್ಪಿದ್ದು ಆರು ವರ್ಷದಲ್ಲಿ ಒಂದೇ ಸಲ. ಕಳೆದ ವರ್ಷ, ಪುತ್ತೂರಿನ ಒಂದು ಮದುವೆಯಲ್ಲಿ. ಮುಹೂರ್ತಕ್ಕೆ ಮೊದಲು ಮದುಮಗಳ ಚಿಕ್ಕಪ್ಪನ ಮಗಳು ತನ್ಮಯೀ ಅರ್ಧ ಗಂಟೆ ವಯಲಿನ್ ನುಡಿಸಿದ್ದಳು. ಮುಗಿದ ಮೇಲೆ ಅವಳು ವೇದಿಕೆಯ ಮೂಲೆಯಲ್ಲಿ ಕುಳಿತು ತಂತಿಗೆ ಅಂಟಿದ ರಾಳದ ಹುಡಿಯನ್ನು ಒಂದು ಹಳೆ ಬಟ್ಟೆಯಲ್ಲಿ ಒರೆಸತೊಡಗಿದಳು. ಒಂದೊಂದೇ ತಂತಿ, ಮೇಲಿನಿಂದ ಕೆಳಗೆ, ಅವಸರವಿಲ್ಲದೆ. ಹರಿಪ್ರಸಾದ್ ಅದನ್ನು ನೋಡುತ್ತಾ ನಿಂತ. ಅವಳು ಮೂರನೇ ತಂತಿಗೆ ಬರುವಾಗ ಪುರೋಹಿತರ ಬೆರಳು ಎದ್ದಿತ್ತು. ಅವನ ಉಸಿರಿಗೆ ಕಾದು ತ್ಯಾಂಪಣ್ಣನ ಡೋಲೂ ತಡವಾಯಿತು. ಹೆಚ್ಚೆಂದರೆ ಎರಡು ಸೆಕೆಂಡು. ಅಷ್ಟರೊಳಗೆ ತನ್ಮಯೀಯ ಅಜ್ಜಿ ಸೀನಿದರು.

ಅಜ್ಜಿ ನಶ್ಯ ಹಾಕುವವರು. ಅವರ ಸೀನು ಅಡಿಗೆಯವರಿಗೂ ಕೇಳಿಸಿತು.

ಮದುವೆಗೆ ಏನೂ ಆಗಲಿಲ್ಲ. ಆ ದಂಪತಿಗೆ ಈಗ ದಷ್ಟಪುಷ್ಟ ಮಗು ಉಂಟು. ಆದರೆ ತನ್ಮಯೀಯ ಅಪ್ಪ ಯಜ್ಞೇಶ್ವರ ಭಟ್ಟರಿಗೆ ಅಂದಿನಿಂದ ಹರಿಪ್ರಸಾದ್ ಎಂದರೆ 'ಆ ಸೀನು ಕೇಳಿಸಿದ ಹುಡುಗ'. ತ್ಯಾಂಪಣ್ಣ ಅವನಿಂದ ವಾದ್ಯದ ಪೆಟ್ಟಿಗೆಯ ಮೇಲೆ ಕೈ ಇಡಿಸಿ ಆಣೆ ಹಾಕಿಸಿದ.

"ಇನ್ನು ಮುಂದೆ ಭೂಕಂಪ ಆದರೂ ನಿನ್ನ ಕಣ್ಣು ಬೆರಳಿನ ಮೇಲೆ. ಬೆರಳು ಎದ್ದರೆ ಊದುದು. ಯಾಕೆ, ಏನು ಅಂತ ಕೇಳುದಿಲ್ಲ. ಗೊತ್ತಾಯ್ತಾ?"

"ಗೊತ್ತಾಯ್ತು ಮಾವ."

ಅವತ್ತು ಊಟದ ಹೊತ್ತಿಗೆ ತನ್ಮಯೀ ತಾನಾಗಿ ಅವನ ಹತ್ತಿರ ಬಂದಳು. ಸೀನಿನ ವಿಷಯಕ್ಕೆ ಬೈಯಲು ಬಂದಿದ್ದಾಳೆ ಎಂದುಕೊಂಡು ಅವನು ತಲೆ ತಗ್ಗಿಸಿದ.

"ನಿಮ್ಮ ಷಡ್ಜ ಬೆಳಿಗ್ಗೆ ಇದ್ದಲ್ಲಿ ಈಗ ಇಲ್ಲ," ಅಂದಳು.

"ಮತ್ತೆ ಎಲ್ಲಿ ಉಂಟು?"

"ಮೇಲೆ ಹೋಗಿದೆ. ಸುಮಾರು ಹದಿನೈದು ಸೆಂಟ್."

"ಸೆಂಟ್ ಅಂದ್ರೆ ಜಾಗ ಅಳೆಯುದಲ್ವಾ? ನಮ್ಮದು ಮನೆ ಅಡಿ ಎಲ್ಲ ಸೇರಿ ಎಂಬತ್ತು ಸೆಂಟ್."

ತನ್ಮಯೀ ಪುತ್ತೂರಿನ ಒಂದು ಕಾಲೇಜಿನಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುವವಳು. ಒಂದು ಸ್ವರಸ್ಥಾನದಿಂದ ಮುಂದಿನದಕ್ಕೆ ನೂರು ಸೆಂಟ್ ಎಂದೂ, ಕೊಳವೆಯೊಳಗಿನ ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶ್ರುತಿ ಸುಮಾರು ಮೂರು ಸೆಂಟ್ ಏರುತ್ತದೆ ಎಂದೂ ವಿವರಿಸಿದಳು. ಅವನು ಎಲ್ಲವನ್ನೂ ಕೇಳಿ, "ಹಾಗಾದ್ರೆ ನನ್ನ ತಪ್ಪಲ್ಲ, ಬಿಸಿಲಿನ ತಪ್ಪು," ಅಂದ. ಅವಳು ನಕ್ಕಳು. ಅವನ ಗಾಳಿ ಇನ್ನೂ ಎರಡು ಡಿಗ್ರಿ ಏರಿತು.

ಅವಳ ಮನೆ ಪುತ್ತೂರಿನ ಪೇಟೆಯಿಂದ ಆಚೆ. ಅವನದು ಸುಳ್ಯದಿಂದ ಮುಂದೆ. ನಡುವೆ ಕಾಣಿಯೂರಿನಲ್ಲಿ ಪೋಕರ್ ಎಂಬವರ ಮೈಕ್ ಸೆಟ್ಟಿನ ಗೋದಾಮು ಇತ್ತು. ಭಾನುವಾರ ಮೂರು ಗಂಟೆಗೆ ಅವಳು ಒಂದು ಬಸ್ಸಿನಲ್ಲಿ, ಅವನು ಇನ್ನೊಂದು ಬಸ್ಸಿನಲ್ಲಿ ಅಲ್ಲಿಗೆ ಬರುತ್ತಿದ್ದರು. ಸ್ಪೀಕರ್ ಪೆಟ್ಟಿಗೆಗಳ ನಡುವೆ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿ ವಯಲಿನ್ನಿಗೂ ಸ್ಯಾಕ್ಸೋಫೋನಿಗೂ ಶ್ರುತಿ ಕೂಡಿಸುತ್ತಿದ್ದರು. ಅವನ ವಾದ್ಯ ಕಾದಂತೆ ಶ್ರುತಿ ಏರುತ್ತಿತ್ತು, ಅವಳು ಬಿರಡೆ ತಿರುಗಿಸಿ ಬೆನ್ನಟ್ಟುತ್ತಿದ್ದಳು. ಎರಡು ಸ್ವರ ಹತ್ತಿರ ಹತ್ತಿರ ಇದ್ದೂ ಒಂದಾಗದಿದ್ದಾಗ ಗಾಳಿಯಲ್ಲಿ ಒಂದು ತೂಗಾಟ ಕೇಳುತ್ತದೆ. ಹತ್ತಿರವಾದಷ್ಟೂ ತೂಗಾಟ ನಿಧಾನವಾಗುತ್ತದೆ, ಸೇರಿದಾಗ ನಿಲ್ಲುತ್ತದೆ. ಆರನೆಯ ಭಾನುವಾರ ಅದು ನಿಂತಿತು. ಇಬ್ಬರೂ ವಾದ್ಯ ಕೆಳಗಿಟ್ಟರು.

ಪೋಕರ್ ಬಾಗಿಲಲ್ಲಿ ನಿಂತು ಕೇಳಿದರು, "ಅಲ್ಲ ಮಾರಾಯ, ಒಂದೂವರೆ ತಿಂಗಳಿಂದ ನೋಡ್ತಾ ಇದ್ದೇನೆ. ಇದು ಪ್ರೀತಿಯಾ, ರಿಪೇರಿಯಾ?"

ಪ್ರೀತಿ ಎಂದು ಇತ್ಯರ್ಥವಾದ ಮೇಲೆ ಕಷ್ಟ ಶುರುವಾಯಿತು. ಹರಿಪ್ರಸಾದ್ ಬೆಳಿಗ್ಗೆ ಬೇರೆಯವರ ತೋಟದಲ್ಲಿ ರಬ್ಬರ್ ಟ್ಯಾಪಿಂಗಿಗೆ ಹೋಗುವವ, ಮದುವೆಯ ಸೀಸನಿನಲ್ಲಿ ವಾದ್ಯ ಊದುವವ. ಯಜ್ಞೇಶ್ವರ ಭಟ್ಟರ ಮನೆಯ ಸಮಾರಂಭಗಳಲ್ಲಿ ವಾದ್ಯದವರಿಗೆ ಎಲೆ ಹಾಕುವುದು ಕೊನೆಯ ಪಂಕ್ತಿಯಲ್ಲಿ. ಜಾತಿಯೂ ಬೇರೆ, ಮನೆಮಾತೂ ಬೇರೆ.

ಅವನ ಅಮ್ಮ ದುಗ್ಗಮ್ಮನ ವಿರೋಧ ಬೇರೆ ನೆಲೆಯದ್ದು. ತನ್ಮಯೀ ಒಮ್ಮೆ ಅವರ ಮನೆಗೆ ಹೋಗಿ ಮೂರು ಬಾಳೆಹಣ್ಣು ತಿಂದು ಬಂದಿದ್ದಳು. "ಗೂಡೆ ಲಾಯ್ಕ್ ಉಟ್ಟು," ಎಂದು ಹುಡುಗಿಯನ್ನು ತಮ್ಮ ಅರೆಭಾಷೆಯಲ್ಲಿ ಹೊಗಳಿದ ದುಗ್ಗಮ್ಮ, ಅವಳು ಬಸ್ಸು ಹತ್ತಿದ ಕೂಡಲೇ ಮಗನನ್ನು ಹಿಡಿದರು. "ಮೀನು ಮುಟ್ಟದ ಸೊಸೆ ಬಂದರೆ ನನ್ನ ಮೀನಿನ ಮಣ್ಣಿನ ಪಾತ್ರೆ ಎಲ್ಲಿ ಇಡುದು? ಈ ವಯಸ್ಸಲ್ಲಿ ನನ್ನ ಮನೆಯಲ್ಲೇ ನಾನು ಕದ್ದು ತಿನ್ನಬೇಕಾ?" ಅವನು ಒಲೆಯ ಕಡೆ ನೋಡಿದ. ಪಾತ್ರೆ ದೊಡ್ಡದೇ ಇತ್ತು.

ತನ್ಮಯೀ ತನ್ನ ಅಪ್ಪನಿಗೆ ಹೇಳಲು ಮೂರು ಸಲ ಪ್ರಯತ್ನಿಸಿದಳು. ಇಷ್ಟವಿಲ್ಲದ ಮಾತು ಬರುವ ಸೂಚನೆ ಸಿಕ್ಕಿದರೆ ಭಟ್ಟರು ಕಣ್ಣು ಮುಚ್ಚಿ ನೂರೆಂಟು ಜಪಕ್ಕೆ ತೊಡಗುವವರು. ಜಪದ ನಡುವೆ ಯಾರೂ ಮಾತಾಡಿಸಬಾರದು. ಅವಳು ಗಡಿಯಾರ ಇಟ್ಟು ನೋಡಿದ್ದಾಳೆ, ಹದಿನಾಲ್ಕು ನಿಮಿಷ. ಐದನೇ ನಿಮಿಷಕ್ಕೆ ಅವಳ ಧೈರ್ಯ ಅರ್ಧಕ್ಕೆ ಇಳಿಯುತ್ತಿತ್ತು, ಹತ್ತನೇ ನಿಮಿಷಕ್ಕೆ ಕಾಲು ಭಾಗಕ್ಕೆ. ಹದಿನಾಲ್ಕನೇ ನಿಮಿಷಕ್ಕೆ ಭಟ್ಟರು ಕಣ್ಣು ತೆರೆದು "ಎಂತ ಕೂಸೇ?" ಎಂದಾಗ ಅವಳು "ಕಾಫಿ ಮಾಡ್ಲಾ?" ಎಂದು ಕೇಳಿರುತ್ತಿದ್ದಳು.

ನಾಲ್ಕನೆಯ ಕಾಫಿಗೆ ಮೊದಲು ಮಂಗಳೂರಿನ ಒಬ್ಬ ಹಲ್ಲಿನ ಡಾಕ್ಟರನ ಸಂಬಂಧ ಬಂತು. ಭಟ್ಟರು ಪುತ್ತೂರಿನಲ್ಲಿ ಹಾಲ್ ಗೊತ್ತುಮಾಡಿ ನಿಶ್ಚಿತಾರ್ಥಕ್ಕೆ ದಿನ ಇಟ್ಟೇಬಿಟ್ಟರು. ಮಗಳು ಬೇಡ ಅನ್ನಲಿಲ್ಲವಲ್ಲ ಎಂಬುದು ಅವರ ವಾದ. ಅವಳಿಗೆ ಅನ್ನಲು ಜಾಗ ಸಿಗಲಿಲ್ಲ ಎಂಬುದು ಅವಳ ವಾದ.

ನಿಶ್ಚಿತಾರ್ಥದ ಹಿಂದಿನ ಭಾನುವಾರ ಅವಳು ಗೋದಾಮಿನಲ್ಲಿ ಹರಿಪ್ರಸಾದನಿಗೆ ಹೇಳಿದಳು, "ನಮ್ಮ ಪುರೋಹಿತರಿಗೆ ಮಂಡಿ ನೋವು. ಅವರ ಅಳಿಯ ಅಚ್ಚುತ ಮಾಷ್ಟ್ರು ಬರ್ತಾರೆ. ಅವರದ್ದು ಹೊಸ ಕ್ರಮ. ಲಗ್ನಪತ್ರಿಕೆ ಓದುವ ಮೊದಲು ಹುಡುಗಿಯ ಬಾಯಿಂದಲೇ ಒಪ್ಪಿಗೆ ಕೇಳ್ತಾರಂತೆ, ಮೈಕಿನಲ್ಲಿ. ಅಲ್ಲಿ ಬೇಡ ಅಂತೇನೆ. ಇನ್ನೂರು ಜನ ಕೇಳಿದ ಮೇಲೆ ಅಪ್ಪ ಕೇಳಿಲ್ಲ ಅನ್ನಲಿಕ್ಕಾಗುದಿಲ್ಲ."

"ಆಮೇಲೆ?"

"ಪತ್ರಿಕೆ ಓದಿ ತಾಂಬೂಲ ಬದಲಾದರೆ ಆಮೇಲೆ ಅಂತ ಇಲ್ಲ. ಅಷ್ಟರೊಳಗೆ ಒಂದು ಶಬ್ದ ಎಲ್ಲರಿಗೂ ಕೇಳಬೇಕು. ಅಷ್ಟೇ."

"ಕೇಳ್ತದೆ. ಮೈಕ್ ನಂದೇ," ಎಂದರು ಪೋಕರ್.

ವಾದ್ಯಕ್ಕೆ ಭಟ್ಟರು ತ್ಯಾಂಪಣ್ಣನ ಸೆಟ್ಟನ್ನೇ ಹೇಳಿದ್ದರು, 'ಆ ಸೀನು ಕೇಳಿಸಿದ ಹುಡುಗ ಬೇಡ' ಎಂಬ ಷರತ್ತಿನ ಮೇಲೆ. ಆದರೆ ಸೆಟ್ಟಿನ ಇನ್ನೊಬ್ಬ ಸ್ಯಾಕ್ಸೋಫೋನಿನವನು ಹಿಂದಿನ ದಿನ ಹಲ್ಲು ಕೀಳಿಸಿಕೊಂಡು ಊದಿದ ಕೆನ್ನೆಯಲ್ಲಿ ಮಲಗಿದ. ಹಲ್ಲು ಕಿತ್ತವನು ಆ ಮಂಗಳೂರಿನ ಹುಡುಗನೇ ಎಂದು ಕೆಲವರು ಆಮೇಲೆ ಹೇಳಿದ್ದುಂಟು. ಅದು ಸುಳ್ಳು. ಕಿತ್ತದ್ದು ಸುಳ್ಯದಲ್ಲಿ.

ತ್ಯಾಂಪಣ್ಣ ಹರಿಪ್ರಸಾದನಿಗೆ ಹುಬ್ಬಿನವರೆಗೆ ಪೇಟ ಇಳಿಸಿ ಕರೆತಂದ. "ನಿನ್ನ ಪ್ರೀತಿ ಪ್ರೇಮ ಎಲ್ಲ ಊಟ ಆದ ಮೇಲೆ. ಆಣೆ ನೆನಪುಂಟಲ್ಲ?"

"ಉಂಟು ಮಾವ."

ಅಚ್ಚುತ ಮಾಷ್ಟ್ರು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಂಸ್ಕೃತ ಪಾಠ ಮಾಡಿ ನಿವೃತ್ತರಾದವರು. ಅವರ ಬಲಗೈಯ ತೋರುಬೆರಳು ನಿವೃತ್ತವಾಗಿರಲಿಲ್ಲ. ಪ್ರಶ್ನೆ ಕೇಳುವಾಗ ಅದು ತಾನಾಗಿ ಮೇಲೇಳುತ್ತಿತ್ತು. ಇದು ಆ ದಿನ ಹನ್ನೊಂದು ಗಂಟೆ ಇಪ್ಪತ್ತು ನಿಮಿಷದವರೆಗೆ ಯಾರೂ ಲಕ್ಷಿಸಿದ ವಿಷಯವಲ್ಲ.

"ತನ್ಮಯೀ," ಎಂದರು ಮಾಷ್ಟ್ರು ಮೈಕನ್ನು ಅವಳ ಮುಂದೆ ಹಿಡಿದು, "ಈ ಸಂಬಂಧ ನಿನಗೆ ಒಪ್ಪಿಗೆಯಾ?"

ಬೆರಳು ಎದ್ದಿತು.

ಡೋಲು ಸಿಡಿಯಿತು, ತಾಳ ಬಡಿಯಿತು, ಹರಿಪ್ರಸಾದನ ಸ್ಯಾಕ್ಸೋಫೋನ್ ಹಾಲಿನ ತಗಡಿನ ಮಾಡಿಗೆ ತಾಗುವಂತೆ ಮೊಳಗಿತು. ತನ್ಮಯೀಯ ತುಟಿ ಆಡಿದ್ದು ಕಂಡಿತು, ಶಬ್ದ ಬರಲಿಲ್ಲ. ಗಟ್ಟಿಮೇಳ ಕೇಳಿದರೆ ಅಕ್ಷತೆ ಹಾಕುವುದು ಇನ್ನೂರು ಜನರಿಗೂ ಚಿಕ್ಕಂದಿನಿಂದ ಮೈಗೆ ಹತ್ತಿದ ಅಭ್ಯಾಸ. ಕೊನೆಗೆಂದು ಕೊಟ್ಟಿದ್ದ ಅಕ್ಷತೆಯನ್ನೆಲ್ಲ ಜನ ಎದ್ದು ನಿಂತು ವೇದಿಕೆಯತ್ತ ಎಸೆದರು. ಹಲ್ಲಿನ ಡಾಕ್ಟರನ ಕನ್ನಡಕದ ಒಳಗೆ ಎರಡು ಕಾಳು ಹೋಯಿತು.

ಶಬ್ದ ನಿಂತಾಗ ಮಾಷ್ಟ್ರು ಗಲಿಬಿಲಿಯಾಗಿದ್ದರು. "ಈಗ ಯಾಕೆ ಊದಿದ್ದು?" ಎಂದು ಬೆರಳೆತ್ತಿ ವಾದ್ಯದವರನ್ನು ಕೇಳಿದರು.

ಗಟ್ಟಿಮೇಳ.

ತನ್ಮಯೀಯ ತುಟಿ ಮತ್ತೊಮ್ಮೆ ಆಡಿತು. ಅಕ್ಷತೆ ಮುಗಿದಿದ್ದರಿಂದ ಕೆಲವರು ಮಲ್ಲಿಗೆಯ ಎಸಳು ಎಸೆದರು. ಹಿಂದಿನ ಸಾಲಿನಿಂದ ಒಂದು ಪೆಪ್ಪರ್ಮಿಂಟು ಬಂತು.

ಭಟ್ಟರು ಕಚ್ಚೆ ಎತ್ತಿಕೊಂಡು ವಾದ್ಯದವರ ಹತ್ತಿರ ಹೋದರು. "ತ್ಯಾಂಪಣ್ಣ, ನಿಮಗೆ ಎಂತ ಮರುಳಾ?"

"ನಾವು ಬೆರಳಿಗೆ ಊದುವವರು ಭಟ್ರೇ, ಬಾಯಿಗೆ ಅಲ್ಲ," ಎಂದ ತ್ಯಾಂಪಣ್ಣ. "ಕಳೆದ ವರ್ಷ ಬೆರಳಿಗೆ ಊದಲಿಲ್ಲ ಅಂತ ನೀವೇ ಅಲ್ವಾ ಊರಿಡೀ ಹೇಳಿದ್ದು?"

ಭಟ್ಟರು ಉಳಿದ ವಾದ್ಯದವರತ್ತ ತಿರುಗಿದರು. ಪೇಟದ ಕೆಳಗಿನ ಮುಖ ಎಲ್ಲಿಯೋ ಕಂಡಂತಿತ್ತು. ಅವರು ವೇದಿಕೆಗೆ ಮರಳಿ ಮಾಷ್ಟ್ರ ಕಿವಿಯಲ್ಲಿ ಬೆರಳಿನ ವಿಷಯ ಹೇಳಿದರು. ಮಾಷ್ಟ್ರು ಬಲಗೈಯನ್ನು ಶಾಲಿನ ಒಳಗೆ ಸೇರಿಸಿ, ಮತ್ತೆ ಕೇಳಿದರು. "ಹೇಳು ಮಗಳೇ, ಒಪ್ಪಿಗೆಯಾ, ಅಲ್ಲವಾ?" ಮೂವತ್ತು ವರ್ಷದ ಅಭ್ಯಾಸಕ್ಕೆ ಶಾಲು ಎಷ್ಟರದ್ದು? 'ಅಲ್ಲವಾ' ಎನ್ನುವ ಹೊತ್ತಿಗೆ ಬೆರಳು ಅಂಚಿನಿಂದ ಹೊರಗೆ ಬಂದು ನೆಟ್ಟಗೆ ನಿಂತಿತ್ತು.

ಹರಿಪ್ರಸಾದ್ ಊದಿದ. ಊದುತ್ತಲೇ ಅವನಿಗೆ ಅರ್ಥವಾಯಿತು, ಅವಳು ಹೇಳಬೇಕಾದ ಒಂದೇ ಒಂದು ಶಬ್ದವನ್ನು ಮೂರೂ ಸಲ ಮುಚ್ಚಿಹಾಕಿದ್ದು ತಾನು. ಪೋಕರ್ ಮೈಕಿನ ಸದ್ದಿನ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿ ಕೈಚೆಲ್ಲಿದ್ದರು. ಡೋಲು ಸ್ಯಾಕ್ಸೋಫೋನಿನ ಎದುರು ಮೈಕ್ ಎಂತ ಮಾಡೀತು?

ಮೇಳ ನಿಂತಾಗ ಮಾಷ್ಟ್ರು ಸೋತಿದ್ದರು. "ಮೂರು ಸಲವೂ ತುಟಿ ಆಡಿದೆ, ನಾನು ಹತ್ತಿರದಿಂದ ನೋಡಿದ್ದೇನೆ. ಒಪ್ಪಿಗೆ ಎಂದೇ ಲೆಕ್ಕ," ಎಂದು ಲಗ್ನಪತ್ರಿಕೆ ಬಿಡಿಸಿದರು. ಭಟ್ಟರು ತಾಂಬೂಲದ ತಟ್ಟೆ ಎತ್ತಿಕೊಂಡರು.

ತನ್ಮಯೀ ಮಾಷ್ಟ್ರು ಬದಿಗಿಟ್ಟ ಮೈಕ್ ಹಿಡಿದು ಎದ್ದು ನಿಂತಳು. "ಮಾಷ್ಟ್ರೇ, ನಾನು ಹೇಳಿದ್ದು ಅದಲ್ಲ."

"ಮತ್ತೆಂತ?" ಎಂದರು ಮಾಷ್ಟ್ರು. ಬೆರಳು ಎದ್ದಿತು.

ತ್ಯಾಂಪಣ್ಣನ ಕೋಲು ಮೇಲೆ ಹೋಯಿತು. ಹರಿಪ್ರಸಾದನ ಎದೆಯಲ್ಲಿ ಗಾಳಿ ತುಂಬಿತ್ತು, ತುಟಿ ವಾದ್ಯದ ಮೇಲಿತ್ತು. ಒಂದು ಕಡೆ ಬೆರಳು, ಇನ್ನೊಂದು ಕಡೆ ಅವಳು. ಅವನು ಬೆರಳಿನಿಂದ ಕಣ್ಣು ತೆಗೆದು ಅವಳನ್ನು ನೋಡಿದ, ಕಳೆದ ವರ್ಷ ಅರಿವಿಲ್ಲದೆ ಮಾಡಿದ್ದನ್ನು ಈ ಸಲ ಅರಿತೇ ಮಾಡಿದ. ತುಂಬಿಕೊಂಡ ಗಾಳಿಯನ್ನು ಮೂಗಿನಿಂದ ಬಿಟ್ಟ. ಸ್ಯಾಕ್ಸೋಫೋನನ್ನು ಬದಿಗೆ ಸರಿಸಿ, ಎರಡೂ ಕೈಗಳನ್ನು ಡೋಲಿನ ಮೇಲೆ ಚಾಚಿ ಇಟ್ಟ. ಕೋಲು ಅವನ ಬೆರಳ ಗಂಟಿಗೆ ಬಿತ್ತು. ಅವನು ಹಲ್ಲು ಕಚ್ಚಿದ, ಸದ್ದು ಮಾಡಲಿಲ್ಲ. ಡೋಲು ಏಳದ್ದನ್ನು ಕಂಡು ತಾಳವೂ ನಿಂತಿತು.

"ನನಗೆ ಈ ಮದುವೆ ಬೇಡ," ಎಂದಳು ತನ್ಮಯೀ.

ಪೋಕರರ ಮೈಕ್ ಇನ್ನೂ ಕೊನೆಯ ಅಂಕೆಯಲ್ಲೇ ಇತ್ತು. ಆ ಮಾತು ಹಾಲಿನಲ್ಲಿ, ಅಡಿಗೆಯ ಶೆಡ್ಡಿನಲ್ಲಿ, ರಸ್ತೆಯ ಆಚೆ ಬಸ್ಸಿಗೆ ಕಾಯುತ್ತಿದ್ದವರಲ್ಲಿ, ಎಲ್ಲರಿಗೂ ಒಂದೇ ಸಲ ಮುಟ್ಟಿತು. ಅದರ ಬೆನ್ನಿಗೇ ಮುಂದಿನ ಸಾಲಿನಲ್ಲಿ ಅಜ್ಜಿ ಸೀನಿದರು. ಒಂಟಿ ಸೀನು.

ಹುಡುಗನ ಅಪ್ಪ ಮೊದಲು ಚೇತರಿಸಿಕೊಂಡರು. ಹುಡುಗಿ ಬೇಡ ಅಂದಳೆಂದು ಎದ್ದು ಹೋಗುವುದು ಅವಮಾನ, ಸೀನು ಬಿತ್ತೆಂದು ನಿಲ್ಲಿಸುವುದು ಸಂಪ್ರದಾಯ. "ಒಂಟಿ ಸೀನು ಬಿದ್ದ ಮೇಲೆ ಮುಂದುವರಿಯುದು ಸರಿಯಲ್ಲ ಭಟ್ರೇ," ಎಂದರು ಗಂಭೀರವಾಗಿ. ಹಲ್ಲಿನ ಡಾಕ್ಟರ್ ಕನ್ನಡಕ ಒರೆಸುತ್ತಾ, "ಊಟ ಉಂಟಲ್ಲ?" ಎಂದು ಕೇಳಿದ.

ಯಜ್ಞೇಶ್ವರ ಭಟ್ಟರು ಯಾರ ಮುಖವನ್ನೂ ನೋಡಲಿಲ್ಲ. ತಟ್ಟೆ ಕೆಳಗಿಟ್ಟು, ವೇದಿಕೆಯ ಮೇಲೆಯೇ ಚಕ್ಕಳಮಕ್ಕಳ ಹಾಕಿ ಕಣ್ಣು ಮುಚ್ಚಿದರು. ಜಪ ಶುರುವಾಯಿತು.

ಇನ್ನೂರು ಜನ ಕುಳಿತರು. ಒಲೆಯಿಂದ ಸಾಂಬಾರಿನ ಒಗ್ಗರಣೆ ಪರಿಮಳ ಬಂತು. ಯಾರದೋ ಫೋನು ಹೊಡೆದುಕೊಂಡು ನಿಂತಿತು. ತನ್ಮಯೀ ಗೋಡೆಯ ಗಡಿಯಾರ ನೋಡಿದಳು. ಐದನೇ ನಿಮಿಷಕ್ಕೆ ತನ್ನ ಧೈರ್ಯವನ್ನು ಒಮ್ಮೆ ಒಳಗೇ ಮುಟ್ಟಿ ನೋಡಿದಳು, ಪೂರ್ತಿ ಇತ್ತು. ಹತ್ತನೇ ನಿಮಿಷಕ್ಕೂ ಇತ್ತು. ಹದಿನಾಲ್ಕನೇ ನಿಮಿಷಕ್ಕೆ ಭಟ್ಟರು ಒಂದು ಕಣ್ಣು ಮಾತ್ರ ತೆರೆದರು.

"ಎಂತ ಕೂಸೇ?"

"ಈಗಲೂ ಬೇಡ ಅಪ್ಪ."

"ಕಾಫಿ ಬೇಕಾದ್ರೆ..."

"ಕಾಫಿಯೂ ಬೇಡ."

ಭಟ್ಟರು ಎರಡನೇ ಕಣ್ಣನ್ನೂ ತೆರೆದರು. "ಮತ್ತೆ ಯಾರು ಬೇಕು ನಿನಗೆ?"

ತನ್ಮಯೀ ವೇದಿಕೆಯ ಅಂಚಿಗೆ ಬಂದಳು. ಬಲಗೈ ಎತ್ತಿ, ತೋರುಬೆರಳನ್ನು ನೇರವಾಗಿ ಪೇಟದ ಹುಡುಗನತ್ತ ಚಾಚಿದಳು.

ತ್ಯಾಂಪಣ್ಣ ಬೆರಳು ನೋಡಿದ. ಅದು ಪುರೋಹಿತರ ಬೆರಳಲ್ಲ. ನಲವತ್ತು ವರ್ಷದ ಕಸುಬಿನಲ್ಲಿ ಅಂಥ ಪ್ರಶ್ನೆ ಎದುರಾದದ್ದು ಅದೇ ಮೊದಲು. ಅರ್ಧ ಸೆಕೆಂಡು ಯೋಚಿಸಿ, "ಬೆರಳು ಬೆರಳೇ," ಎಂದು ಗೊಣಗಿ ಕೋಲು ಎತ್ತಿದ. ಹರಿಪ್ರಸಾದ್ ಕೆಂಪಾದ ಬೆರಳ ಗಂಟುಗಳಿಂದಲೇ ವಾದ್ಯ ಎತ್ತಿಕೊಂಡ. ಅದು ಆ ದಿನದ ನಾಲ್ಕನೆಯ ಗಟ್ಟಿಮೇಳ, ಮೊದಲ ಮೂರಕ್ಕಿಂತ ದೊಡ್ಡದು. ವಾದ್ಯ ಅಷ್ಟು ಹೊತ್ತು ತಣ್ಣಗಾಗಿದ್ದರಿಂದ ಷಡ್ಜ ಇರಬೇಕಾದಲ್ಲಿಯೇ ಇತ್ತು ಎಂಬುದನ್ನು ತನ್ಮಯೀ ಗಮನಿಸಿದಳು.

ಜನ ಅಭ್ಯಾಸದಂತೆ ಎದ್ದರು. ಕೈಯಲ್ಲಿ ಎಸೆಯಲು ಏನೂ ಇರಲಿಲ್ಲ. ಅಜ್ಜಿ ಮಾತ್ರ ಬೆಳಗಿನಿಂದ ಮುಷ್ಟಿ ಬಿಚ್ಚಿರಲಿಲ್ಲ. ಅವರು ನಿಧಾನಕ್ಕೆ ಎದ್ದು, ವಾದ್ಯದವರ ಕಡೆ ನಡೆದು, ಬೆವರಿಗೆ ಅಂಟಿಕೊಂಡಿದ್ದ ಅಕ್ಷತೆಯನ್ನು ಹರಿಪ್ರಸಾದನ ಪೇಟದ ಮೇಲೆ ಉದುರಿಸಿದರು. "ಕಳೆದ ಸಲ ಸೀನಿದ್ದು ತಾನಾಗಿ ಬಂದದ್ದು," ಎಂದು ಅವನ ಕಿವಿಯಲ್ಲಿ ಹೇಳಿದರು. ಈ ಸಲದ್ದರ ಬಗ್ಗೆ ಏನೂ ಹೇಳಲಿಲ್ಲ.

ಊಟಕ್ಕೆ ಎಲೆ ಹಾಕುವಾಗ ಭಟ್ಟರು ಬಡಿಸುವವರನ್ನು ಕರೆದು, "ವಾದ್ಯದವರನ್ನು ಮೊದಲ ಪಂಕ್ತಿಗೇ ಕೂರಿಸಿ. ಕೊನೆಯ ಪಂಕ್ತಿ ಅಂದರೆ ಇವ ಮೂರು ಗಂಟೆವರೆಗೆ ಇಲ್ಲೇ ಸುಳಿದಾಡ್ತಾನೆ," ಎಂದರು. ಹಾಗಾಗಿ ಹರಿಪ್ರಸಾದ್ ಅವರ ಎದುರಿನ ಎಲೆಯಲ್ಲೇ ಕೂರಬೇಕಾಯಿತು. ಅವನು ನಮಸ್ಕಾರ ಎಂದ. ಭಟ್ಟರು ಕೂಡಲೇ ಕಣ್ಣು ಮುಚ್ಚಿದರು.

ಬಡಿಸುತ್ತಿದ್ದ ತನ್ಮಯೀ ಹೋಳಿಗೆಯ ಬುಟ್ಟಿ ಹಿಡಿದು ಗಡಿಯಾರ ನೋಡಿದಳು. ಅವಳಿಗೆ ಅವಸರ ಇರಲಿಲ್ಲ. ಆದರೆ ಒಂಬತ್ತನೇ ನಿಮಿಷಕ್ಕೇ ಭಟ್ಟರ ಕಣ್ಣು ತೆರೆಯಿತು. ಹಿಂದೆಂದೂ ಹಾಗಾದದ್ದಿಲ್ಲ.

"ನಿನ್ನ ಅಮ್ಮ," ಎಂದು ಅವರು ಎಲೆಯನ್ನು ನೋಡುತ್ತಲೇ ಕೇಳಿದರು, "ಮೀನಿನ ಪಾತ್ರೆ ಬೇರೆ ಇಡ್ತಾರಾ?"

"ಅಮ್ಮನೂ ಅದನ್ನೇ ಕೇಳಿದ್ದು," ಎಂದ ಹರಿಪ್ರಸಾದ್.

ಭಟ್ಟರು ಮಗಳ ಬುಟ್ಟಿಯ ಒಂದು ಹೋಳಿಗೆಗೆ ಕೈ ಚಾಚಿದರು.